ಉದ್ದ ಹೊಲಿಗೆ, ಅಡ್ಡ ಹೊಲಿಗೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಹೆರಿಗೆಯ ನೆನಪುಗಳನ್ನು ಕೇಳುತ್ತ ಓಡಾಡುವಾಗ ಕಾಲ ಗುರುತಿಸುವ ಸಾಧನವೊಂದು ನನಗೆ ಸಿಕ್ಕಿತು: ಹೊಟ್ಟೆಯ ಮೇಲಿನ ಹೊಲಿಗೆ. ವಯಸ್ಸಾದ ಕೆಲವರದು ಹೊಕ್ಕಳ ಕೆಳಗಿಂದ ನೆಟ್ಟಗೆ ಇಳಿಯುವ ಉದ್ದ ಹೊಲಿಗೆ. ಸೊಸೆಯಂದಿರದು ಸೀರೆಯ ನೆರಿಗೆಯೊಳಗೆ ಮುಚ್ಚಿಹೋಗುವ ಅಡ್ಡ ಹೊಲಿಗೆ. “ನಿಂದೆಲ್ಲ ಸಲೀಸು ಬಿಡವ್ವ, ನಮ್ಮ ಹೊಟ್ಟೆ ಸೀಳಿಬಿಟ್ಟಿದ್ರು” ಎಂದು ಅತ್ತೆ ಹೇಳಿದರೆ, “ಎಲ್ಲೀ ಸಲೀಸತ್ತೆ, ಮಗ್ಗುಲು ಹೊರಳಾಕೆ ಆಗ್ತಿರ್ಲಿಲ್ಲ” ಎಂದು ಸೊಸೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ವೈದ್ಯಕೀಯ ಚರಿತ್ರೆ ಓದಲು ಕೂತರೆ ಸಿಗುವುದು ಹೆಚ್ಚಾಗಿ ಜೀವ ಉಳಿದ ಕತೆ. ನೋವಿನ ಕತೆ ಅದರ ಅಂಚಿನಲ್ಲಿದೆ.

ಅದಕ್ಕೆ ಕಾರಣವೂ ಇದೆ. ಗರ್ಭಕೋಶ ಕೊಯ್ದು ಮಗುವನ್ನು ತೆಗೆದ ಮೇಲೆ ಆ ಗಾಯವನ್ನು ಹೊಲಿಯುವುದೇ ಬಹುಕಾಲ ರೂಢಿಯಲ್ಲಿರಲಿಲ್ಲ. ತಾಯಂದಿರು ರಕ್ತ ಹೋಗಿ, ನಂಜೇರಿ ಸಾಯುತ್ತಿದ್ದರು. 1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎಡೊವಾರ್ಡೊ ಪೊರ್ರೊ ಗರ್ಭಕೋಶವನ್ನೇ ತೆಗೆದುಹಾಕಿ ತಾಯಿಯನ್ನು ಉಳಿಸಿದ. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೇಂಗರ್ ಗರ್ಭಕೋಶವನ್ನು ಉಳಿಸಿಕೊಂಡೇ ಎಚ್ಚರದಿಂದ ಹೊಲಿಯುವ ಕ್ರಮವನ್ನು ತಿಳಿಸಿದ. ಬದುಕುವುದೇ ದೊಡ್ಡದಾಗಿದ್ದ ಆ ಕಾಲದಲ್ಲಿ ನೋವು ಎಷ್ಟೆಂದು ಯಾರು ಕೇಳಿಯಾರು?

ಅಡ್ಡ ಹೊಲಿಗೆಗೆ 1900ರಲ್ಲಿ ಅದನ್ನು ವಿವರಿಸಿದ ಜರ್ಮನಿಯ ಯೊಹಾನ್ನೆಸ್ ಫಾನೆನ್‌ಸ್ಟೀಲ್‌ನ ಹೆಸರಿದೆ. ಹೊಟ್ಟೆಯ ಗೋಡೆ ಸಡಿಲವಾಗಿ ಹರ್ನಿಯಾ ಆಗುವುದನ್ನು ತಪ್ಪಿಸುವುದು ಅವನ ಮುಖ್ಯ ಕಾಳಜಿ. ಚರ್ಮದ ಮೇಲಿನ ಗೀರು ಒಂದು, ಒಳಗೆ ಗರ್ಭಕೋಶದ ಗೀರು ಇನ್ನೊಂದು. ಹೊರಗಿನಿಂದ ನೋಡಿದರೆ ಒಳಗಿನದು ತಿಳಿಯುವುದಿಲ್ಲ. ಗರ್ಭಕೋಶದ ತೆಳುವಾದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವ ಕ್ರಮವನ್ನು 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೊ ಕೆರ್ ಪ್ರಚಾರಕ್ಕೆ ತಂದ. ಅಲ್ಲಿ ಕೊಯ್ದರೆ ರಕ್ತ ಕಡಿಮೆ ಹೋಗುತ್ತದೆ, ಮುಂದಿನ ಬಸಿರಿನಲ್ಲಿ ಗಾಯ ಬಿರಿಯುವ ಭಯವೂ ಕಡಿಮೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದರ ಮುಂದಿನ ಹೆಜ್ಜೆ. ಜೋಯೆಲ್-ಕೋಹೆನ್ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆಂದು, ಫಾನೆನ್‌ಸ್ಟೀಲ್‌ನದಕ್ಕಿಂತ ತುಸು ಮೇಲೆ ನೇರ ಅಡ್ಡಗೀರೊಂದನ್ನು ಸೂಚಿಸಿದ್ದ. ಮೈಕೆಲ್ ಸ್ಟಾರ್ಕ್ 1980ರ ದಶಕದಲ್ಲಿ ಜೆರುಸಲೇಮಿನ ಮಿಸ್ಗಾವ್ ಲದಾಖ್ ಆಸ್ಪತ್ರೆಯಲ್ಲಿ ಅದನ್ನು ಹೆರಿಗೆಗೆ ಹೊಂದಿಸಿಕೊಂಡ. ಚರ್ಮ ಕೊಯ್ದ ಮೇಲೆ ಒಳಪದರಗಳಿಗೆ ಚಾಕು ಆದಷ್ಟು ಕಡಿಮೆ: ನಡುವೆ ಚಿಕ್ಕದಾಗಿ ಬಿಡಿಸಿ, ಉಳಿದದ್ದನ್ನು ಬೆರಳಿನಿಂದ ಎಳೆದು ಅಗಲಿಸುವುದು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ನಿಂತು ನೋಡಿದವರಿಗೆ ಇದು ಹೊಸದಲ್ಲ. ಅಂಚಿಗೆ ಒಂದು ಕತ್ತರಿ ಹಾಕಿ ಪರ್ರನೆ ಹರಿದರೆ ಬಟ್ಟೆ ಎಳೆಯ ಗುಂಟ ಬಿಡಿಸಿಕೊಳ್ಳುತ್ತದೆ. ಇಲ್ಲೂ ಹಾಗೆಯೇ, ರಕ್ತನಾಳ, ನರಗಳು ತುಂಡಾಗುವ ಬದಲು ಬಹುಪಾಲು ಪಕ್ಕಕ್ಕೆ ಸರಿಯುತ್ತವೆ. ಫಾನೆನ್‌ಸ್ಟೀಲ್ ಕ್ರಮದೊಂದಿಗೆ ಹೋಲಿಸಿದ ಪರೀಕ್ಷೆಗಳಲ್ಲಿ ಈ ಬಗೆಯ ಕ್ರಮದಿಂದ ರಕ್ತಸ್ರಾವ, ಶಸ್ತ್ರಚಿಕಿತ್ಸೆಯ ಸಮಯ, ಆಮೇಲಿನ ನೋವು ಮೂರೂ ಕಡಿಮೆ ಕಂಡವು.

ಹೊಟ್ಟೆಯೊಳಗಿನ ತೆಳುಪೊರೆಯದೂ ಇಂಥದೇ ಕತೆ. ತೆರೆದದ್ದನ್ನು ಮುಚ್ಚಬೇಕೆಂಬ ಶಿಸ್ತಿನಲ್ಲಿ ವೈದ್ಯರು ಅದನ್ನು ದಶಕಗಟ್ಟಲೆ ಹೊಲಿದರು. ಹೊಲಿಯದೆ ಬಿಟ್ಟರೂ ಅದು ತಾನೇ ಕೂಡಿಕೊಳ್ಳುತ್ತದೆ. ಹಾಗೆ ಬಿಟ್ಟರೆ ನೋವಿನ ಮಾತ್ರೆಯೂ ಕಡಿಮೆ ಸಾಕೆಂದು ಬ್ರಿಟನ್ನಿನ 2004ರ ‘ನೈಸ್’ ಮಾರ್ಗಸೂಚಿ ಬರೆಯಿತು.

ಆಮೇಲೆ ಬಂದದ್ದು ‘ಕೊರೊನಿಸ್’ ಎಂಬ ಬೃಹತ್ ಪರೀಕ್ಷೆ. ಭಾರತವೂ ಸೇರಿ 7 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದರು. ಕೊಯ್ಯುವುದೋ ಬೆರಳಿನಿಂದ ಬಿಡಿಸುವುದೋ, ಒಂದು ಪದರ ಹೊಲಿಗೆಯೋ ಎರಡೋ, ಪೊರೆ ಮುಚ್ಚುವುದೋ ಬಿಡುವುದೋ ಎಂದೆಲ್ಲ ಹೋಲಿಸಿ, ಮುಖ್ಯ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು 2013ರಲ್ಲಿ ಪ್ರಕಟಿಸಿತು. ಆ ಮುಖ್ಯ ಲೆಕ್ಕದಲ್ಲಿದ್ದದ್ದು ಸಾವು, ಸೋಂಕು, ಮರುಶಸ್ತ್ರಚಿಕಿತ್ಸೆ, ರಕ್ತ ಕೊಡಬೇಕಾಗಿ ಬಂದದ್ದು. ನೋವು ಅದರಲ್ಲಿರಲಿಲ್ಲ. ಈ ನಾಲ್ಕನ್ನು ಮೊದಲು ಎಣಿಸಿದ್ದನ್ನು ನಾನು ತಪ್ಪೆನ್ನಲಾರೆ. ಆದರೆ ‘ವ್ಯತ್ಯಾಸವಿಲ್ಲ’ ಎಂಬ ಮಾತನ್ನು ಓದುವಾಗ ಯಾವುದರಲ್ಲಿ ಎಂದು ಕೇಳಿಕೊಳ್ಳಬೇಕಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ 2015-16ರಲ್ಲಿ ಶೇ. 23.6 ಇದ್ದದ್ದು 2019-20ರ ಹೊತ್ತಿಗೆ ಶೇ. 31.5 ಆಗಿತ್ತು. ಹತ್ತು ಹೆರಿಗೆಯಲ್ಲಿ ಮೂರು ಹೀಗೆ ಆಗುವಾಗ, ಎದ್ದು ಕೂರಲು, ಮಗುವಿಗೆ ಹಾಲೂಡಿಸಲು ಅಡ್ಡಬರುವ ನೋವು ಸಣ್ಣ ಸಂಗತಿಯಲ್ಲ.

ಹೊಲಿಗೆಯ ನೋವು ಯಾವಾಗ ನಿಂತಿತು ಎಂದು ಕೇಳಿದರೆ ಈ ಸೀಮೆಯವರು ತಾರೀಖು ಹೇಳುವುದಿಲ್ಲ. ಆಸ್ಪತ್ರೆಯ ಚೀಟಿ ಡಿಸ್ಚಾರ್ಜ್ ದಿನಕ್ಕೆ ಮುಗಿದಿರುತ್ತದೆ, ಇವರ ಲೆಕ್ಕ ಅಲ್ಲಿಂದ ಶುರು. ಹೊನ್ನಾಳಿಯ ಕಡೆ ನಾಟಿಗೆ ಬಗ್ಗಿದ ದಿನ, ಚನ್ನಗಿರಿಯಲ್ಲಿ ಅಡಿಕೆ ಸುಲಿಯಲು ಕುಕ್ಕರಗಾಲಲ್ಲಿ ಕೂತ ದಿನ. ಜಗಳೂರಿನ ಕಡೆಯ ಒಬ್ಬರು ಸ್ವಲ್ಪ ಯೋಚಿಸಿ, “ಮೆಕ್ಕೆಜೋಳ ಮುರಿಯಾ ಹೊತ್ತಿಗೆ ಚೀಲ ಎತ್ತಿದ್ದೆ ನೋಡು, ಅವಾಗ್ಲೂ ಚುಳ್ ಅಂತಿತ್ತು” ಎಂದರು.