ಲೀಟರ್‌ಗೆ 5 ಕಿಲೋಮೀಟರ್: ಒಂದು ಹಳೇ ಜೋಕಿನ ಕತೆ

ಇವತ್ತು ಒಂದು ಜೋಕಿನಿಂದ ಶುರು ಮಾಡ್ತೀನಿ. ಜಾಗ್ವಾರ್ ಇ-ಟೈಪ್ ಕಾರಿನವನೊಬ್ಬ ಪೆಟ್ರೋಲ್ ಬಂಕ್‌ಗೆ ಹೋಗಿ "ಫುಲ್ ಟ್ಯಾಂಕ್ ಮಾಡಪ್ಪಾ" ಅಂದನಂತೆ. ಐದು ನಿಮಿಷ ಆಯ್ತು, ಹತ್ತು ನಿಮಿಷ ಆಯ್ತು, ಟ್ಯಾಂಕ್ ತುಂಬ್ತಾನೇ ಇಲ್ಲ. ಕೊನೆಗೆ ಬಂಕ್ ಹುಡುಗ ಕೈ ಮುಗಿದು ಹೇಳಿದ: "ಸಾರ್, ಇಂಜಿನ್ ಆಫ್ ಮಾಡಿ. ನಾನು ಹಾಕೋದಕ್ಕಿಂತ ಜಾಸ್ತಿ ಅದು ಕುಡೀತಾ ಇದೆ!"

ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಇಬ್ಬರು ಸೇರಿದರೆ ಸಾಕು, ಇಂಥದ್ದೊಂದು ಜೋಕು ಬಂದೇ ಬರುತ್ತೆ. "ನನ್ನ ಕಾರು ರಸ್ತೆ ಮೇಲೆ ಎಲ್ಲವನ್ನೂ ಓವರ್‌ಟೇಕ್ ಮಾಡುತ್ತೆ, ಪೆಟ್ರೋಲ್ ಬಂಕ್ ಒಂದನ್ನು ಬಿಟ್ಟು" ಅನ್ನೋದು ಇನ್ನೊಂದು. ಈ ಜೋಕುಗಳಿಗೂ ಒಂದು ಇತಿಹಾಸ ಇದೆ. ಅದನ್ನು ಹುಡುಕಿಕೊಂಡು ಹೋದರೆ ನಾವು 1973ರ ಇಂಗ್ಲೆಂಡಿಗೆ ಹೋಗಿ ನಿಲ್ತೀವಿ.

ಮೊದಲು ಕಾರಿನ ವಿಷಯ. ಜಾಗ್ವಾರ್ ಇ-ಟೈಪ್ ಹೊರಬಂದಿದ್ದು 1961ರ ಮಾರ್ಚ್‌ನಲ್ಲಿ, ಜಿನೀವಾ ಮೋಟಾರ್ ಶೋನಲ್ಲಿ. ಉದ್ದ ಮೂತಿ, ಗಂಟೆಗೆ 240 ಕಿ.ಮೀ. ಹತ್ತಿರದ ವೇಗ. ಬೆಲೆ ಮಾತ್ರ ಸುಮಾರು 2,100 ಪೌಂಡ್. ಫೆರಾರಿ, ಆಸ್ಟನ್ ಮಾರ್ಟಿನ್‌ಗಳ ಮುಂದೆ ಅದು ತುಂಬಾ ಅಗ್ಗ. 1971ರಲ್ಲಿ ಇದೇ ಕಾರಿಗೆ ಜಾಗ್ವಾರ್ 12 ಸಿಲಿಂಡರ್‌ಗಳ ಹೊಸ ಇಂಜಿನ್ ಕೂರಿಸಿತು. ಗಾತ್ರ 5,343 ಸಿಸಿ. ನಮ್ಮ ಹೀರೋ ಸ್ಪ್ಲೆಂಡರ್ ಇಂಜಿನ್ 97 ಸಿಸಿ, ಅಲ್ವಾ? ಅಂದ್ರೆ 55 ಸ್ಪ್ಲೆಂಡರ್‌ಗಳನ್ನು ಒಟ್ಟಿಗೆ ಕಟ್ಟಿದಷ್ಟು.

ಈಗಿನ ಕಾರುಗಳಲ್ಲಿ ಎಷ್ಟು ಪೆಟ್ರೋಲ್ ಬೇಕು ಅಂತ ಸೆನ್ಸಾರ್‌ಗಳು ಕ್ಷಣಕ್ಷಣಕ್ಕೂ ಲೆಕ್ಕ ಹಾಕ್ತವೆ. ಆ ಕಾರಿನಲ್ಲಿ ಇದ್ದದ್ದು ನಾಲ್ಕು ಕಾರ್ಬ್ಯುರೇಟರ್. ಅವಕ್ಕೆ ಅಂಥ ಲೆಕ್ಕ ಬರಲ್ಲ. ಬೆಳಿಗ್ಗೆ ಚಳಿಯಲ್ಲಿ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಪೆಟ್ರೋಲ್ ಇನ್ನೂ ಧಾರಾಳವಾಗಿ ಹರಿಯುತ್ತೆ. ಮೈಲೇಜ್ ಲೀಟರ್‌ಗೆ ಸುಮಾರು 5 ಕಿ.ಮೀ. ಊರೊಳಗೆ ಅದೂ ಇಲ್ಲ. ಪೆಟ್ರೋಲ್ ಅಗ್ಗವಾಗಿದ್ದಾಗ ಇದು ಯಾರಿಗೂ ದೊಡ್ಡ ವಿಷಯ ಆಗಿರಲಿಲ್ಲ.

ಎರಡೇ ವರ್ಷ. 1973ರ ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ ಶುರುವಾಯ್ತು. ಇಸ್ರೇಲ್‌ಗೆ ಬೆಂಬಲ ಕೊಟ್ಟ ದೇಶಗಳಿಗೆ ತೈಲ ಕೊಡಲ್ಲ ಅಂತ ಅರಬ್ ರಾಷ್ಟ್ರಗಳು ನಿರ್ಧರಿಸಿ, ಉತ್ಪಾದನೆಯನ್ನೂ ಇಳಿಸಿದವು. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸು ಇದ್ದ ಕಚ್ಚಾ ತೈಲ 1974ರ ಜನವರಿ ಹೊತ್ತಿಗೆ 12 ಡಾಲರ್ ಹತ್ತಿರ ಹೋಯ್ತು. ಜರ್ಮನಿಯಲ್ಲಿ ಕೆಲವು ಭಾನುವಾರ ಕಾರು ಓಡಿಸೋದನ್ನೇ ನಿಷೇಧಿಸಿದರು. ಬ್ರಿಟನ್ ಪೆಟ್ರೋಲ್ ರೇಷನ್ ಕೂಪನ್‌ಗಳನ್ನು ಜನರಿಗೆ ಹಂಚಿಯೂ ಬಿಟ್ಟಿತು, ಕೊನೆಗೆ ಅವು ಬಳಕೆಗೆ ಬರಲಿಲ್ಲ ಅಷ್ಟೆ. ಡಿಸೆಂಬರ್‌ನಲ್ಲಿ ಅಲ್ಲಿ ಗಂಟೆಗೆ 50 ಮೈಲಿ, ಅಂದರೆ 80 ಕಿ.ಮೀ. ವೇಗಮಿತಿ ಬಂತು. 240ರಲ್ಲಿ ಹಾರೋ ಕಾರನ್ನು 80ರಲ್ಲಿ ತೆವಳಿಸಬೇಕು! ಇದಕ್ಕಿಂತ ದೊಡ್ಡ ಜೋಕು ಬೇಕಾ?

ನಮ್ಮಲ್ಲೂ ಆಗ ಪೆಟ್ರೋಲ್ ಬೆಲೆ ಏರಿತ್ತು. 1973ರ ನವೆಂಬರ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಅದನ್ನು ಪ್ರತಿಭಟಿಸಿ ಸಂಸತ್ತಿಗೆ ಎತ್ತಿನಗಾಡಿಯಲ್ಲಿ ಬಂದರು. ಸಿಟ್ಟು ಇತ್ತು, ಆದರೆ ನೋಡಿದವರಿಗೆ ನಗುವೂ ಬರೋ ಹಾಗಿತ್ತು.

ಇಂಗ್ಲೆಂಡಿಗೆ ವಾಪಸ್ ಬರೋಣ. ಇ-ಟೈಪ್ ತಯಾರಿಕೆ 1974ರಲ್ಲಿ ನಿಂತಿತು. ಕಾರೂ ಹಳೆಯದಾಗಿತ್ತು, ಪೆಟ್ರೋಲ್ ಒಂದೇ ಕಾರಣ ಅಲ್ಲ. ಆದರೆ ಕೊನೆಯ ಕಾರುಗಳನ್ನು ಮಾರೋಕೆ ಡೀಲರ್‌ಗಳು ಪರದಾಡಿದರು. 7.2 ಲೀಟರ್ ಇಂಜಿನ್ ಹಾಕಿ ಇಂಟರ್‌ಸೆಪ್ಟರ್ ಅನ್ನೋ ಕಾರು ಮಾಡ್ತಿದ್ದ ಜೆನ್ಸನ್ ಕಂಪನಿ 1976ರಲ್ಲಿ ಬಾಗಿಲು ಹಾಕಿತು. ಅಲ್ಲಿ ಕೆಲಸ ಮಾಡ್ತಿದ್ದವರ ಮನೆಯಲ್ಲಿ ಆ ವರ್ಷ ಪೆಟ್ರೋಲ್ ಜೋಕು ಹೇಳಿ ಯಾರೂ ನಕ್ಕಿರಲಾರರು.

ಇನ್ನೊಂದು ಕಡೆ, ಇಂಥ ಹೊಟ್ಟೆಬಾಕ ಕಾರುಗಳ ಸೆಕೆಂಡ್ ಹ್ಯಾಂಡ್ ಬೆಲೆ ಬಿದ್ದುಹೋಯ್ತು. ಹೊಸದಾಗಿದ್ದಾಗ ಗಾಜಿನಾಚೆ ನಿಂತು ನೋಡಬೇಕಿದ್ದವರಿಗೂ ಈಗ ಕೈಗೆಟುಕುವಂತಾಯ್ತು. ಆನೆ ಅಗ್ಗಕ್ಕೆ ಸಿಕ್ಕಿತು, ಮೇವಿಗೆ ದುಡ್ಡಿಲ್ಲ ಅನ್ನೋ ಪರಿಸ್ಥಿತಿ. ಅಂಥವನು "ನನ್ನ ಕಾರಲ್ಲಿ ಸ್ಪೀಡೋಮೀಟರ್ ಮುಳ್ಳಿಗಿಂತ ಪೆಟ್ರೋಲ್ ಮುಳ್ಳೇ ಫಾಸ್ಟ್" ಅಂದರೆ ಅದರಲ್ಲಿ ಅರ್ಧ ನಿಜವಾದ ಸಂಕಟ. ಬೇರೆಯವರು "ನಿಂಗೆ ತಲೆ ಕೆಟ್ಟಿದೆಯಾ" ಅಂತ ಕೇಳೋ ಮೊದಲೇ ತನ್ನನ್ನು ತಾನೇ ಗೇಲಿ ಮಾಡಿಕೊಂಡು ಬಚಾವ್ ಆಗೋ ದಾರಿ. ಗುಜರಿಗೆ ಹೋಗಬೇಕಿದ್ದ ಎಷ್ಟೋ ಕಾರುಗಳು ಉಳಿದದ್ದು ಇಂಥ ತಲೆಕೆಟ್ಟವರಿಂದಲೇ ಅಂತ ನನಗನ್ನಿಸುತ್ತೆ.

1980ರ ದಶಕದ ಕೊನೆಗೆ ಗಾಳಿ ತಿರುಗಿತು. ಹರಾಜುಗಳಲ್ಲಿ ಹಳೇ ಸ್ಪೋರ್ಟ್ಸ್ ಕಾರುಗಳ ಬೆಲೆ ಗಗನಕ್ಕೇರಿತು. ಇವತ್ತು ಒಳ್ಳೆಯ ಸ್ಥಿತಿಯಲ್ಲಿರೋ ಮೊದಮೊದಲ ಇ-ಟೈಪ್ ಅಂದರೆ ಕೋಟಿ ರೂಪಾಯಿ ಮಾತು. ಬ್ರಿಟನ್‌ನಲ್ಲಿ 40 ವರ್ಷ ದಾಟಿದ ಕಾರಿಗೆ ರೋಡ್ ಟ್ಯಾಕ್ಸ್ ಕೂಡ ಕಟ್ಟಬೇಕಿಲ್ಲ. ಹೀಗೆ ಕಾರಿನ ಜೊತೆ ಜೋಕೂ ಉಳ್ಳವರ ಕೈ ಸೇರಿತು. "ಮೈಲೇಜ್ ಕೇಳಬೇಡಿ ಮಾರಾಯ್ರೇ" ಅನ್ನೋ ಅದೇ ಮಾತು ಈಗ ಸಂಕಟ ಅಲ್ಲ, ಒಂಥರಾ ಮೆಡಲ್.

ಒಂದು ಸಣ್ಣ ಲೆಕ್ಕ ಮಾಡೋಣ. ಇಂಥ ಕಾರನ್ನು ಬಿಸಿಲಿದ್ದ ಭಾನುವಾರಗಳಲ್ಲಿ ಮಾತ್ರ ಹೊರಗೆ ತೆಗೀತಾರೆ. ವರ್ಷಕ್ಕೆ 2,000 ಕಿ.ಮೀ. ಓಡಿಸಿದರು ಅಂತಿಟ್ಟುಕೊಳ್ಳಿ. ಲೀಟರ್‌ಗೆ 5ರಂತೆ 400 ಲೀಟರ್. ಈಗ ಬೆಂಗಳೂರಲ್ಲಿ ನಿಮ್ಮ ಬಿರಿಯಾನಿ ತರೋ ಡೆಲಿವರಿ ಹುಡುಗನನ್ನು ನೋಡಿ. ದಿನಕ್ಕೆ 100 ಕಿ.ಮೀ., ವರ್ಷಕ್ಕೆ 300 ದಿನ, ಬೈಕ್ ಮೈಲೇಜ್ 45 ಅಂದುಕೊಂಡರೂ 660 ಲೀಟರ್ ದಾಟುತ್ತೆ. ಲೀಟರ್‌ಗೆ 100 ರೂಪಾಯಿ ಹಿಡಿದರೆ 66 ಸಾವಿರ, ಅದೂ ಅವನ ದುಡಿಮೆಯಿಂದಲೇ. 55 ಪಟ್ಟು ದೊಡ್ಡ ಇಂಜಿನ್ ಇಟ್ಟುಕೊಂಡವರಿಗಿಂತ ಜಾಸ್ತಿ ಪೆಟ್ರೋಲ್ ಹಾಕಿಸೋನು ಇವನು.

ಜೋಕು ಕೇಳಿದಾಗ ನಾನೂ ನಗ್ತೀನಿ, ಚೆನ್ನಾಗಿದೆ. ಆದರೆ ಪೆಟ್ರೋಲ್ ಬೆಲೆ ಎರಡು ರೂಪಾಯಿ ಏರಿದ ದಿನ ಆ ಜೋಕು ಯಾರು ಹೇಳ್ತಿದ್ದಾರೆ ಅಂತ ಒಮ್ಮೆ ನೋಡ್ತೀನಿ. ನೀವೂ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.