ಗೂಢಲಿಪಿ ಕೀಲಿಯ ಉದ್ದ

ಮಾಹಿತಿಯನ್ನು ಗೂಢಲಿಪಿಗೆ ಇಳಿಸಲು ಬಳಸುವ ರಹಸ್ಯ ಸಂಖ್ಯೆಯೇ ಕೀಲಿ; ಅದರ ಉದ್ದವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. ಒಂದು ಬಿಟ್ ಹೆಚ್ಚಿದರೆ, ಕಳ್ಳ ಒಂದೊಂದಾಗಿ ಹಾಕಿ ನೋಡಬೇಕಾದ ಕೀಲಿಗಳು ಇಮ್ಮಡಿಯಾಗುತ್ತವೆ. ಉದ್ದವನ್ನು ಗೊತ್ತುಮಾಡುವವರು ಯಾರು ಎಂಬ ತಕರಾರು 1970ರ ದಶಕದಿಂದಲೂ ಇದೆ.

1977ರಲ್ಲಿ ಅಮೆರಿಕ ಸರ್ಕಾರ ಮಾನಕವಾಗಿ ಒಪ್ಪಿಕೊಂಡ ಡಿಇಎಸ್ ಎಂಬ ಗೂಢಲಿಪಿ ವಿಧಾನದ ಕೀಲಿ 56 ಬಿಟ್. ಅದರ ಮೂಲವಾದ ಐಬಿಎಂನ ಲೂಸಿಫರ್‌ಗೆ 128 ಬಿಟ್‌ಗಳ ರೂಪವೂ ಇತ್ತು. 56 ಬಿಟ್‌ನಷ್ಟು ಗಿಡ್ಡ ಕೀಲಿ ಬಾಳದು ಎಂದು ಗೂಢಲಿಪಿ ತಜ್ಞರಾದ ಡಿಫಿ ಮತ್ತು ಹೆಲ್‌ಮನ್ ಆಗಲೇ ಆಕ್ಷೇಪಿಸಿದ್ದರು. 1998ರಲ್ಲಿ ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎರಡೂವರೆ ಲಕ್ಷ ಡಾಲರಿಗೂ ಕಡಿಮೆ ಖರ್ಚಿನಲ್ಲಿ ಕಟ್ಟಿದ ಯಂತ್ರ ಮೂರು ದಿನದೊಳಗೆ ಡಿಇಎಸ್ ಕೀಲಿಯೊಂದನ್ನು ಹುಡುಕಿಕೊಟ್ಟಿತು. 2001ರಲ್ಲಿ ಅದರ ಜಾಗಕ್ಕೆ ಬಂದ ಎಇಎಸ್ 128, 192, 256 ಎಂದು ಮೂರು ಅಳತೆಗಳನ್ನು ಮುಂದಿಟ್ಟಿತು. 128 ಬಿಟ್‌ನ ಕೀಲಿಗಳನ್ನೆಲ್ಲ ಹಾಕಿ ನೋಡುವುದು ಇಂದಿನ ಯಾವ ಯಂತ್ರಕ್ಕೂ ಆಗದ ಕೆಲಸ. 256ನ್ನು ಆರಿಸುವವರ ಮನಸ್ಸಿನಲ್ಲಿ ಹೆಚ್ಚಾಗಿ ಇರುವುದು ಮುಂದೆ ಬರಬಹುದಾದ ಕ್ವಾಂಟಮ್ ಕಂಪ್ಯೂಟರಿನ ಭಯ.

ಗೂಢಲಿಪಿಯ ಇನ್ನೊಂದು ವಿಧಾನವಾದ ಆರ್‌ಎಸ್‌ಎಯ ಕೀಲಿಗಳ ಲೆಕ್ಕವೇ ಬೇರೆ. ಅಲ್ಲಿ ಎಲ್ಲ ಕೀಲಿಗಳನ್ನು ಹಾಕಿ ನೋಡಬೇಕಿಲ್ಲ, ಒಂದು ದೊಡ್ಡ ಸಂಖ್ಯೆಯನ್ನು ಅಪವರ್ತಿಸಿದರೆ ಸಾಕು. 2020ರಲ್ಲಿ 829 ಬಿಟ್‌ನ ಸಂಖ್ಯೆಯನ್ನು ಹೀಗೆ ಒಡೆದಿದ್ದಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಪ್ರಕಾರ ಎಇಎಸ್-128ಕ್ಕೆ ಸರಿಸಮ ಬಲ ಬೇಕಾದರೆ ಆರ್‌ಎಸ್‌ಎಗೆ 3072 ಬಿಟ್, ಎಇಎಸ್-256ಕ್ಕೆ 15360 ಬಿಟ್ ಬೇಕು. ದೀರ್ಘವೃತ್ತೀಯ ವಕ್ರರೇಖೆಯ ವಿಧಾನಕ್ಕಾದರೆ ಮೊದಲನೆಯದಕ್ಕೆ 256 ಬಿಟ್ಟೇ ಸಾಕು. ಆರ್‌ಎಸ್‌ಎಯಲ್ಲಿ ಉದ್ದ ಏರಿದಷ್ಟು ಬಲ ಏರುವುದಿಲ್ಲ. ಹಾಗಾಗಿ ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ಗೆ ಆರ್‌ಎಸ್‌ಎ ಕೀಲಿ ಮಾಡುವಾಗ 3072ರ ಜಾಗದಲ್ಲಿ 4096 ಎಂದು ಟೈಪಿಸಿದ ಬಳಕೆದಾರನಿಗೆ ಸಿಗುವ ಲಾಭ ಅವನು ಅಂದುಕೊಂಡಷ್ಟಿಲ್ಲ, ಸಹಿ ಹಾಕುವ ಲೆಕ್ಕಾಚಾರ ಮಾತ್ರ ನಿಧಾನವಾಗುತ್ತದೆ.

ಆಯ್ಕೆ ಕೈಕೊಡುವುದು ಕೆಳಮುಖವಾದಾಗ. 1990ರ ದಶಕದಲ್ಲಿ ಅಮೆರಿಕ ರಫ್ತು ತಂತ್ರಾಂಶಗಳಿಗೆ 40 ಬಿಟ್‌ನ ಗೂಢಲಿಪಿ, 512 ಬಿಟ್‌ನ ಆರ್‌ಎಸ್‌ಎ ಎಂಬ ಮಿತಿ ಹಾಕಿತ್ತು. ಮಿತಿ ಸಡಿಲವಾದರೂ ಆ ಹಳೆಯ ಆಯ್ಕೆ ಎಷ್ಟೋ ಸರ್ವರ್‌ಗಳಲ್ಲಿ ಹಾಗೆಯೇ ಉಳಿದುಕೊಂಡಿತು. ನಡುವೆ ನುಸುಳಿದವನು ಎರಡೂ ಕಡೆಯವರನ್ನು ಅದಕ್ಕೇ ಇಳಿಸಬಹುದೆಂದು 2015ರಲ್ಲಿ ಫ್ರೀಕ್ ಎಂಬ ದಾಳಿ ತೋರಿಸಿತು.

ಭಾರತದಲ್ಲಿ ಎರಡು ನಿಯಮಗಳು ಎದುರುಬದುರಾದವು. ಅಂತರ್ಜಾಲ ಸೇವಾದಾರರ ಪರವಾನಗಿ ಷರತ್ತು ಅನುಮತಿಯಿಲ್ಲದೆ 40 ಬಿಟ್ ದಾಟಬಾರದೆಂದಿತು. 2001ರ ರಿಸರ್ವ್ ಬ್ಯಾಂಕ್ ಮಾರ್ಗಸೂಚಿ ಅಂತರ್ಜಾಲ ಬ್ಯಾಂಕಿಂಗ್‌ಗೆ ಕನಿಷ್ಠ 128 ಬಿಟ್‌ನ ಎಸ್‌ಎಸ್‌ಎಲ್ ಗೂಢಲಿಪಿ ಇರಲೆಂದಿತು. ಗೂಢಲಿಪಿಯ ವಿಧಾನ, ಕೀಲಿಯ ಉದ್ದಗಳನ್ನು ಸರ್ಕಾರವೇ ಗೊತ್ತುಮಾಡಬೇಕೆಂದ 2015ರ ರಾಷ್ಟ್ರೀಯ ನೀತಿಯ ಕರಡು, ಬಳಕೆದಾರರು ಮೂಲ ಪಠ್ಯವನ್ನು 90 ದಿನ ಕಾಯ್ದಿಡಬೇಕೆಂದೂ ಹೇಳಿತ್ತು. ಟೀಕೆಯ ಬಿಸಿಗೆ ಸರ್ಕಾರ ಅದನ್ನು ಆ ಸೆಪ್ಟೆಂಬರಿನಲ್ಲೇ ಹಿಂತೆಗೆದುಕೊಂಡಿತು.