ಕೆಸರಿಗೆ ಅಡ್ಡ ನಿಂತ ಹಲಗೆ

ಹಳೆಯ ಎಂಜಿಬಿ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಬೇಕಾದರೆ ಅಂಗಾತ ಮಲಗಬೇಕು. ತಲೆ ಪೆಡಲುಗಳ ಕೆಳಗೆ, ಕಾಲು ಸೀಟಿನ ಮೇಲೆ. ಹಲಗೆಯ ಮೇಲಂಚನ್ನು ಹಿಡಿದಿರುವ ನಟ್ಟುಗಳು ಹೊರಗಿನಿಂದ ಕಾಣುವುದಿಲ್ಲ. ಕೆಳಗಿನಿಂದ ಕೈ ತೂರಿಸಿ, ಬೆರಳ ತುದಿಯಲ್ಲಿ ತಡಕಿ, ಸ್ಪ್ಯಾನರ್ ಕೂರಿಸಿ, ಕಾಲು ಸುತ್ತು ಕಾಲು ಸುತ್ತಾಗಿ ತಿರುಗಿಸಬೇಕು. ಅಷ್ಟರೊಳಗೆ ಸೀಟುಗಳ ಹಿಂದೆ ಅಡಗಿರುವ ಆರು ವೋಲ್ಟಿನ ಎರಡು ಬ್ಯಾಟರಿಗಳ ತಂತಿ ಕಳಚಿರಬೇಕು, ಸ್ಟೀರಿಂಗ್ ಚಕ್ರ ತೆಗೆದಿರಬೇಕು, ಸ್ಪೀಡೋಮೀಟರಿನ ಕೇಬಲ್, ಚೋಕಿನ ತಂತಿ, ಎಣ್ಣೆಯ ಒತ್ತಡ ತೋರುವ ಮೀಟರಿಗೆ ಬರುವ ಸಣ್ಣ ಕೊಳವೆ ಎಲ್ಲ ಬಿಡಿಸಿರಬೇಕು. ನೀರಿನ ಬಿಸಿ ತೋರುವ ಮೀಟರಿನ ಕೂದಲೆಳೆಯಂಥ ನಾಳದ ಬಗ್ಗೆ ವಿಶೇಷ ಎಚ್ಚರ ಬೇಕು. ಅದರೊಳಗೆ ಈಥರ್ ಇದೆ. ನಾಳ ಮುರಿದರೆ ಮೀಟರು ಸತ್ತಂತೆಯೇ.

ಇಷ್ಟೆಲ್ಲ ಆದ ಮೇಲೆ ತಗಡಿನ ಫಲಕ ಕೈಗೆ ಬರುತ್ತದೆ. ಅದರ ಹಿಂದೆ ಎಂಜಿನ್ನನ್ನೂ ನಮ್ಮ ಕಾಲುಗಳನ್ನೂ ಬೇರ್ಪಡಿಸುವ ಉಕ್ಕಿನ ಗೋಡೆ ಬೆತ್ತಲೆಯಾಗಿ ನಿಲ್ಲುತ್ತದೆ. ಬ್ರಿಟಿಷರು ಅದನ್ನು ಬಲ್ಕ್‌ಹೆಡ್ ಎನ್ನುತ್ತಾರೆ, ಅಮೆರಿಕನ್ನರು ಫೈರ್‌ವಾಲ್ ಎನ್ನುತ್ತಾರೆ. ಪದದ ಜಾತಕ ತೆರೆದು ನೋಡಿದರೆ ಡ್ಯಾಶ್‌ಬೋರ್ಡ್ ಎಂಬ ಹೆಸರಿನ ಹಿರಿಯ ಹಕ್ಕುದಾರ ಈ ಗೋಡೆ. ಮೀಟರುಗಳ ತೂತು ತುಂಬಿದ, ಈಗ ಕೈಯಲ್ಲಿರುವ ಫಲಕ ಆ ಹೆಸರನ್ನು ಪಡೆದದ್ದು ಬಹಳ ತಡವಾಗಿ.

ಇಂಗ್ಲಿಷಿನ ‘ಡ್ಯಾಶ್’ ಹೊಡೆತದ ಪದ. ಮಧ್ಯಕಾಲದ ಇಂಗ್ಲಿಷಿನಲ್ಲೇ ಬಳಕೆಯಲ್ಲಿತ್ತು. ಡೇನಿಶ್ ಭಾಷೆಯ ‘ದಾಸ್ಕೆ’, ಸ್ವೀಡಿಶ್‌ನ ‘ದಾಸ್ಕಾ’ ಅದರ ನಂಟರು. ಎರಡಕ್ಕೂ ಅಂಗೈಯಿಂದ ಬಾರಿಸುವುದು ಎಂಬ ಅರ್ಥವಿದೆ. ಬಾರಿಸುವುದರಿಂದ ಅಪ್ಪಳಿಸುವುದು, ಅಪ್ಪಳಿಸುವುದರಿಂದ ನೀರು ಕೆಸರು ಸಿಡಿಯುವುದು, ಸಿಡಿಯುವ ವೇಗದಿಂದ ಧಾವಿಸುವುದು ಎಂದು ಅರ್ಥ ಕವಲೊಡೆಯಿತು. ಲೇಖನಿಯನ್ನು ಒಮ್ಮೆಗೇ ಎಳೆದು ಬಿಟ್ಟ ಗೆರೆಗೂ ಅದೇ ಹೆಸರು ಬಂತು. ಕನ್ನಡದ ಮಾತಿನಲ್ಲಿ ಈ ಪದ ತನ್ನ ಮೊದಲ ಅರ್ಥವನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ‘ಹಿಂದಿನಿಂದ ಲಾರಿ ಬಂದು ಡ್ಯಾಶ್ ಹೊಡೀತು’ ಎನ್ನುವವರು ಉತ್ತರ ಯೂರೋಪಿನ ಆ ಹಳೆಯ ಏಟನ್ನೇ ನುಡಿಯುತ್ತಿದ್ದಾರೆ. ಲಂಡನ್ನಿನ ಬೀದಿಯಲ್ಲಿ ಅಪಘಾತವನ್ನು ಹೀಗೆ ಹೇಳುವವರು ಸಿಗುವುದು ಕಷ್ಟ.

1840ರ ದಶಕದಲ್ಲಿ ಕುದುರೆಗಾಡಿಯ ಸಂಗದಲ್ಲಿ ಈ ಪದಕ್ಕೆ ‘ಬೋರ್ಡ್’ ಜೊತೆಯಾಯಿತು. ದುಡುಕಿ ಓಡುವ ಕುದುರೆಯ ಹಿಂಗಾಲುಗಳು ಮಣ್ಣು, ಕೆಸರು, ಕಲ್ಲಿನ ಚೂರುಗಳನ್ನು ನೇರವಾಗಿ ಸವಾರನ ಮೊಣಕಾಲಿಗೆ ಎಸೆಯುತ್ತಿದ್ದವು. ಅದಕ್ಕೆ ಅಡ್ಡವಾಗಿ ಗಾಡಿಯ ಮುಂದೆ ಒಂದು ಹಲಗೆ ನಿಲ್ಲಿಸಿದರು. ಹಲಗೆ ಎಂದು ಹೆಸರಿದ್ದರೂ ಎಷ್ಟೋ ಗಾಡಿಗಳಲ್ಲಿ ಅದು ಕಬ್ಬಿಣದ ಚೌಕಟ್ಟಿಗೆ ಬಿಗಿದ ಚರ್ಮ. ಅದರ ಮೇಲೆ ಓದಲು ಏನೂ ಇರಲಿಲ್ಲ. ಅದರ ಮುಖ ಕುದುರೆಯ ಕಡೆಗಿತ್ತು, ಬೆನ್ನು ಸವಾರನ ಕಡೆಗೆ. ಈ ಪದದ ಇಡೀ ಚರಿತ್ರೆ, ಆ ಹಲಗೆ ಮೆಲ್ಲಮೆಲ್ಲನೆ ಮುಖವನ್ನು ಸವಾರನ ಕಡೆಗೆ ಹೊರಳಿಸಿದ ಚರಿತ್ರೆ ಎಂದು ನಾನು ಓದಿಕೊಂಡಿದ್ದೇನೆ.

ಕುದುರೆ ಹೋದರೂ ಹಲಗೆ ಹೋಗಲಿಲ್ಲ. ಅಮೆರಿಕದಲ್ಲಿ ರ‍್ಯಾನ್ಸಮ್ ಓಲ್ಡ್ಸ್ 1901ರಲ್ಲಿ 650 ಡಾಲರಿಗೆ ಮಾರಿದ ಪುಟ್ಟ ಕಾರಿನ ಹೆಸರೇ ‘ಕರ್ವ್ಡ್ ಡ್ಯಾಶ್’ ಓಲ್ಡ್ಸ್‌ಮೊಬೈಲ್. ಎಂಜಿನ್ ಸೀಟಿನ ಅಡಿಯಲ್ಲಿ. ಚಕ್ರದ ಬದಲು ಕೈಗೋಲಿನಿಂದ ತಿರುಗಿಸುವ ಏರ್ಪಾಡು. ಮುಂದೆ ಕಾಲಬುಡದಿಂದ ಎದ್ದು ಒಳಕ್ಕೆ ಬಾಗಿದ ಹಲಗೆ. ಕೆಸರು ಎರಚುವ ಪ್ರಾಣಿಯೇ ಇಲ್ಲದ ಗಾಡಿ ಆ ಹಲಗೆಯಿಂದಲೇ ಹೆಸರಾಯಿತು.

ಅತ್ತ ಫ್ರಾನ್ಸಿನ ಪನಾರ್ ಮತ್ತು ಲವಾಸೋರ್ ಸಂಸ್ಥೆ 1891ರಲ್ಲೇ ಎಂಜಿನ್ನನ್ನು ಮುಂದಕ್ಕೆ ಒಯ್ದಿತ್ತು. ಉಳಿದವರೂ ಆ ದಾರಿ ಹಿಡಿದಾಗ ಕುದುರೆ ಇದ್ದ ಜಾಗಕ್ಕೆ ಎಂಜಿನ್ ಬಂತು. ಹಲಗೆ ಅದರ ಹಿಂದೆ ನಿಂತು ಬಿಸಿ, ಹೊಗೆ, ಎಣ್ಣೆಯ ಹನಿಗಳನ್ನು ತಡೆಯತೊಡಗಿತು. ಅಲ್ಲಿಯವರೆಗೆ ಅದರ ಕೆಲಸ ಬದಲಾಗಿರಲಿಲ್ಲ, ತಡೆಯುವ ವಸ್ತು ಮಾತ್ರ ಬದಲಾಗಿತ್ತು. ಆದರೆ ಆಗಿನ ಎಂಜಿನ್ನಿಗೆ ಎಣ್ಣೆ ಹನಿಹನಿಯಾಗಿ ಬೀಳಬೇಕಿತ್ತು, ಬೀಳುತ್ತಿದೆಯೋ ಇಲ್ಲವೋ ಎಂದು ಚಾಲಕ ನೋಡುತ್ತಿರಬೇಕಿತ್ತು. ಆ ಗಾಜಿನ ನಳಿಗೆಗಳನ್ನು ಎಲ್ಲಿ ಕೂರಿಸುವುದು? ಕಣ್ಣೆದುರಿಗೇ ಇದ್ದ ಹಲಗೆಯ ಬೆನ್ನಿಗೆ. ಎಣ್ಣೆಯ ಹನಿ ಎಣಿಸುತ್ತ ಹೋದ ಆ ಚಾಲಕರೇ ಡ್ಯಾಶ್‌ಬೋರ್ಡನ್ನು ಓದಿದ ಮೊದಲಿಗರು. ಒಟ್ಟೊ ಶುಲ್ಜೆ ಎಂಬ ಜರ್ಮನ್ ತಂತ್ರಜ್ಞ ಸುಳಿವಿದ್ಯುತ್ತಿನಿಂದ ಓಡುವ ಸ್ಪೀಡೋಮೀಟರಿಗೆ 1902ರಲ್ಲಿ ಪೇಟೆಂಟ್ ಪಡೆದ. ಲಂಡನ್ನಿನಲ್ಲಿ ಗಡಿಯಾರಗಳನ್ನು ಮಾರುತ್ತಿದ್ದ ಸ್ಮಿತ್ಸ್ ಕಂಪನಿ ಕಾರಿನ ಮೀಟರುಗಳತ್ತ ತಿರುಗಿತು. ಎಂಜಿಬಿಯ ಮೀಟರುಗಳ ಮೇಲಿರುವುದೂ ಅದೇ ಸ್ಮಿತ್ಸ್ ಹೆಸರು.

ಮೀಟರುಗಳು ಹೆಚ್ಚಿದಂತೆ, ಕೆಳಗೆ ಕಾಲಿನ ಬಳಿ ಇರುವುದು ಅನುಕೂಲವಲ್ಲವೆಂದು ಮುಂಗಾಜಿನ ಕೆಳಗೆ, ಕೈಗೆ ಹತ್ತಿರವಾಗಿ ಬೇರೆಯದೇ ಪಟ್ಟಿ ಹುಟ್ಟಿತು. ಹಳೆಯ ಅಮೆರಿಕನ್ ಕೈಪಿಡಿಗಳಲ್ಲಿ ‘ಡ್ಯಾಶ್’ ಎಂದರೆ ಎಂಜಿನ್ ಹಿಂದಿನ ಗೋಡೆ. ಮೀಟರುಗಳ ಪಟ್ಟಿಗೆ ‘ಇನ್‌ಸ್ಟ್ರುಮೆಂಟ್ ಬೋರ್ಡ್’ ಎಂದು ಬೇರೆ ಹೆಸರು. ಜನರ ನಾಲಗೆ ಈ ವ್ಯತ್ಯಾಸವನ್ನು ಹೆಚ್ಚು ಕಾಲ ಕಾಯಲಿಲ್ಲ. ಹೆಸರು ಹಿಂದಿನ ಗೋಡೆಯಿಂದ ಮುಂದಿನ ಪಟ್ಟಿಗೆ ನೆಗೆಯಿತು. ಜರ್ಮನ್ನರು ಮಾತ್ರ ಹಳೆಯ ಲೆಕ್ಕ ಮರೆಯಲಿಲ್ಲ. ಅವರ ಭಾಷೆಯಲ್ಲಿ ಎಂಜಿನ್ ಹಿಂದಿನ ಗೋಡೆ ಇಂದಿಗೂ ‘ಶ್ಪ್ರಿಟ್ಸ್‌ವಾಂಡ್’, ಅಂದರೆ ಸಿಡಿತ ತಡೆಯುವ ಗೋಡೆ. ಮೀಟರುಗಳ ಹಲಗೆಗೆ ‘ಆರ್ಮಾಟೂರೆನ್‌ಬ್ರೆಟ್’ ಎಂದು ಸಲಕರಣೆಗಳಿಂದ ಬಂದ ಹೆಸರು. ಎರಡು ವಸ್ತು, ಎರಡು ಪದ. ಇದು ನನಗೆ ತುಂಬಾ ಮೆಚ್ಚುಗೆಯ ಶಿಸ್ತು.

ಬ್ರಿಟಿಷರದು ಮತ್ತೊಂದು ದಾರಿ. ಹಳೆಯ ಕಾರು ಜೋಡಿಸುವವರು ಅಲ್ಲಿ ‘ಫೇಶಿಯಾ’ ಎನ್ನುತ್ತಾರೆ. ಲ್ಯಾಟಿನಿನಲ್ಲಿ ಅದು ಪಟ್ಟಿ, ಗಾಯಕ್ಕೆ ಸುತ್ತುವ ಬಟ್ಟೆ. ರೋಮಿನ ವಾಸ್ತುಜ್ಞ ವಿಟ್ರೂವಿಯಸ್ ಕಂಬಗಳ ಮೇಲಿನ ತೊಲೆಯ ಚಪ್ಪಟೆ ಪಟ್ಟಿಗಳಿಗೆ ಇದೇ ಪದ ಬಳಸಿದ. ಮುಂದೆ ಅಂಗಡಿಯ ಹೆಸರು ಬರೆಯುವ ಪಟ್ಟಿಗೂ ಅದು ಸಂದಿತು. ಕಾರಿಗೆ ಬಿಡಿಭಾಗ ತರಿಸುವಾಗ ಈ ಭೇದ ತಿಳಿದಿರುವುದು ಒಳ್ಳೆಯದು: ಇಂಗ್ಲೆಂಡಿನ ಅಬಿಂಗ್ಡನ್ನಿನ ಎಂಜಿ ಕಾರ್ಖಾನೆಯಲ್ಲಿ ಹುಟ್ಟಿದ ಕಾರಿನ ಕ್ಯಾಟಲಾಗಿನಲ್ಲಿ ಫೇಶಿಯಾ ಎಂದು ಹುಡುಕದಿದ್ದರೆ ಅರ್ಧ ಸಾಮಾನು ಸಿಗುವುದಿಲ್ಲ.

ಆ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು, ಬಹುಪಾಲು ಅಮೆರಿಕಕ್ಕೆ ಹೋದವು. ಮೊದಲ ವರ್ಷಗಳ ಫಲಕ ಒತ್ತಿದ ಉಕ್ಕಿನದು, ಮೇಲೆ ಸುಕ್ಕುಗಟ್ಟಿದ ಕಪ್ಪು ಬಣ್ಣ. ಆ ಸುಕ್ಕು ದೋಷವಲ್ಲ. ದಪ್ಪವಾಗಿ ಬಳಿದು ಬಿಸಿ ತಾಗಿಸಿದಾಗ ಮೇಲ್ಪದರ ಬೇಗ ಒಣಗಿ, ಒಳಪದರ ಇನ್ನೂ ಹಸಿಯಾಗಿರುವಾಗಲೇ ಮುದುಡಿಕೊಳ್ಳುತ್ತದೆ; ಬಿಸಿಲು ಅದರಿಂದ ಗಾಜಿಗೆ ಚಿಮ್ಮಿ ಕಣ್ಣು ಕುಕ್ಕುವುದಿಲ್ಲ. ಇದೇ ಕಾಲದ ಟ್ರಯಂಫ್ ಟಿಆರ್4ಎ 1965ರಲ್ಲಿ ಅಕ್ರೋಟು ಮರದ ತೆಳುಪದರ ಅಂಟಿಸಿದ ಫಲಕದೊಂದಿಗೆ ಬಂತು. ಮರದ ಡ್ಯಾಶ್‌ಬೋರ್ಡ್ ಕಂಡಾಗ ಕುದುರೆಗಾಡಿಯ ಹಲಗೆಯೇ ಮುಂದುವರಿದಿದೆ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಹೊಳಪಿನ ಅಕ್ರೋಟು ದಿವಾನಖಾನೆಯ ಪೀಠೋಪಕರಣದ ಸಂತಾನ. ಕೆಸರಿನ ಹಲಗೆಗೆ ಅಂಥ ಅಲಂಕಾರ ಕಟ್ಟಿಕೊಂಡು ಆಗಬೇಕಾದದ್ದೇನೂ ಇರಲಿಲ್ಲ.

ಇಲ್ಲಿಂದ ಮುಂದಿನ ಭಾಗ ನೋವಿನದು. ಸೀಟ್ ಬೆಲ್ಟ್ ಇಲ್ಲದ ದಿನಗಳಲ್ಲಿ ಕಾರು ಯಾವುದಕ್ಕಾದರೂ ಗುದ್ದಿದರೆ ಪಕ್ಕದಲ್ಲಿ ಕೂತವರ ತಲೆ, ಎದೆ, ಮೊಣಕಾಲು ಹೋಗಿ ಬಡಿಯುತ್ತಿದ್ದದ್ದು ಈ ಉಕ್ಕಿನ ಫಲಕಕ್ಕೆ, ಅದರಿಂದ ಹೊರಚಾಚಿದ ಸ್ವಿಚ್ಚುಗಳಿಗೆ. ಏಟು ತಡೆಯಲು ಹುಟ್ಟಿದ ಹಲಗೆ ಏಟು ಕೊಡುವ ಹಲಗೆಯಾಗಿತ್ತು. ಅಮೆರಿಕದ ರಾಲ್ಫ್ ನೇಡರ್ 1965ರಲ್ಲಿ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಎಂಬ ಪುಸ್ತಕ ಪ್ರಕಟಿಸಿ ಕಾರಿನ ಒಳಾಂಗಣವೇ ಜನರನ್ನು ಗಾಯಗೊಳಿಸುತ್ತಿದೆ ಎಂದು ವಾದಿಸಿದರು. 1966ರಲ್ಲಿ ಅಮೆರಿಕದ ಸುರಕ್ಷತಾ ಕಾಯಿದೆ ಬಂತು; ಅದರಡಿಯ ಆರಂಭದ ನಿಯಮಗಳಲ್ಲಿ ಹೆಚ್ಚಿನವು 1968ರ ಜನವರಿ 1ರಿಂದ ಜಾರಿಯಾದವು. ಅಬಿಂಗ್ಡನ್ ಅಮೆರಿಕದ ಕಾರುಗಳಿಗೆ ನೊರೆ ತುಂಬಿದ ದಪ್ಪ ಫಲಕ ಕೂರಿಸಿತು. ಸ್ವಿಚ್ಚುಗಳ ಕಡ್ಡಿ ಹೋಗಿ ಚಪ್ಪಟೆ ಗುಂಡಿ ಬಂತು, ಗ್ಲೋವ್ ಬಾಕ್ಸ್ ಕಾಣೆಯಾಯಿತು. ಎಂಜಿ ಪ್ರಿಯರು ಅದಕ್ಕೆ ‘ಅಬಿಂಗ್ಡನ್ ಪಿಲ್ಲೋ’ ಎಂದರು, ಅಬಿಂಗ್ಡನ್ನಿನ ದಿಂಬು. ಬ್ರಿಟನ್ನಿನಲ್ಲಿ ಮಾರಿದ ಕಾರುಗಳು ಉಕ್ಕಿನ ಫಲಕವನ್ನೇ ಉಳಿಸಿಕೊಂಡವು. 1972ರ ಮಾದರಿಯಲ್ಲಿ ದಿಂಬು ಹೋಗಿ, ಗ್ಲೋವ್ ಬಾಕ್ಸ್ ಇರುವ ಬೇರೆ ಫಲಕ ಬಂತು.

ಇವತ್ತು ಆ ಅಮೆರಿಕನ್ ಕಾರುಗಳನ್ನು ಮತ್ತೆ ಕಟ್ಟುವ ಎಷ್ಟೋ ಮಂದಿ ಮೊದಲು ಕಿತ್ತೆಸೆಯುವುದು ಈ ದಿಂಬನ್ನು. ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ, ನೋಡಲು ಉಬ್ಬಿದ ಕೆನ್ನೆ, ನಿಜ. ಉಕ್ಕಿನ ಫಲಕದ ಚೆಲುವಿಗೆ ನಾನೂ ಸೋತವನೇ. ಆದರೂ ಪದದ ಕಡೆಯಿಂದ ನೋಡಿದರೆ, ಎಂಜಿಬಿಯ ಫಲಕಗಳಲ್ಲೆಲ್ಲ ಡ್ಯಾಶ್‌ಬೋರ್ಡ್ ಎಂಬ ಹೆಸರಿಗೆ ನ್ಯಾಯ ಸಲ್ಲಿಸಿದ್ದು ಆ ದಿಂಬೇ ಎಂದು ಹೇಳಬೇಕಾಗುತ್ತದೆ. ಅದು ಮನುಷ್ಯನಿಗೂ ಹೊಡೆತಕ್ಕೂ ನಡುವೆ ನಿಲ್ಲಲು ಬಂದದ್ದು. ತೆಗೆಯುವವರು ತೆಗೆಯಲಿ, ಆದರೆ ಅದಕ್ಕೂ ಮೊದಲು ಭುಜದ ಮೇಲೆ ಹಾಯುವ ಸೀಟ್ ಬೆಲ್ಟನ್ನು ಗಟ್ಟಿ ಲೋಹಕ್ಕೆ ಬಿಗಿಯಲಿ. ಇದರಲ್ಲಿ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ.

ಕಂಪ್ಯೂಟರ್ ಪರದೆಗೆ ಬಂದ ಡ್ಯಾಶ್‌ಬೋರ್ಡಿನ ಕಥೆ ಎಲ್ಲರಿಗೂ ಗೊತ್ತು. 2020ರಲ್ಲಿ ಕೋವಿಡ್ ಸೋಂಕಿನ ಅಂಕಿಗಳನ್ನು ದಿನವೂ ಅಲ್ಲಿಯೇ ನೋಡಿದೆವು. ಹಲಗೆಯೂ ಇಲ್ಲ, ಕೆಸರೂ ಇಲ್ಲ, ಓದುವ ಕೆಲಸವೊಂದೇ ಉಳಿದ ಅರ್ಥ ಅದು. ತಡೆಯುವ ಕೆಲಸ ನಮ್ಮ ಗಾಡಿಗಳಲ್ಲಿ ಮಡ್‌ಗಾರ್ಡಿನ ಪಾಲಾಗಿದೆ.

ಎಂಜಿಬಿಯ ಫಲಕ ಮರಳಿ ಕೂರಿಸುವಾಗ ತಂತಿಗಳ ಬಣ್ಣ ದಾರಿ ತೋರಿಸುತ್ತದೆ: ಕಂದು ಸದಾ ಜೀವಂತ, ಬಿಳಿ ಕೀಲಿ ತಿರುಗಿಸಿದಾಗ ಮಾತ್ರ, ಹಸಿರು ಅದೇ ಆದರೂ ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ತಿಂಗ್. ಕಾರು 1967ಕ್ಕಿಂತ ಹಿಂದಿನದಾದರೆ ಅದರಲ್ಲಿ ಧನ ತುದಿಯೇ ಅರ್ತಿಂಗ್ ಆಗಿರುತ್ತದೆ; ಹೊಸ ರೇಡಿಯೊ ಜೋಡಿಸುವವರು ಇದನ್ನು ನೋಡದೆ ಕೈ ಹಾಕಬಾರದು. ಎಲ್ಲ ಮುಗಿದ ಮೇಲೆ ಪೆಟ್ರೋಲ್ ಮುಳ್ಳು ಇರುವುದಕ್ಕಿಂತ ಹೆಚ್ಚು ತೋರಿಸಿದರೆ ಮೀಟರನ್ನು ದೂರಬೇಡಿ. ಅದಕ್ಕೆ ಹತ್ತು ವೋಲ್ಟ್ ಕೊಡುವ ಪುಟ್ಟ ಡಬ್ಬಿ ಇರುವುದು ಫಲಕದ ಮೇಲಲ್ಲ, ಹಿಂದಿನ ಗೋಡೆಯ ಮೇಲೆ. ತನ್ನ ತಿರುಪಿನ ಮೂಲಕವೇ ಅದು ಅರ್ತಿಂಗ್ ಪಡೆಯುತ್ತದೆ. ಗೋಡೆಗೆ ಹೊಸ ಬಣ್ಣ ದಪ್ಪವಾಗಿ ಬಳಿದಿದ್ದರೆ ಆ ಸಂಪರ್ಕ ತಪ್ಪಿ, ಬ್ಯಾಟರಿಯ ಪೂರ್ಣ ವೋಲ್ಟೇಜ್ ಮೀಟರಿಗೆ ಹರಿಯುತ್ತದೆ. ತಿರುಪು ಬಿಚ್ಚಿ, ಅದರ ಅಡಿಯ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆದು, ಮತ್ತೆ ಬಿಗಿಯಿರಿ.